ಗೋಡೆ ಮೇಲೆ ಬರೆದ ವಿಮಾನ: ಸರ್ವಾಧಿಕಾರಿಯ ಚಿತ್ರಗಳು ಸಾಕ್ಷಿ ಹೇಳುತ್ತವೆಯೇ?

2003ರ ಮಾರ್ಚ್ ಕೊನೆ. ಅಮೆರಿಕದ ಸೇನೆ ಇರಾಕಿನೊಳಗೆ ನುಗ್ಗಿ ಇನ್ನೂ ಕೆಲವೇ ದಿನ ಆಗಿತ್ತು. ದಕ್ಷಿಣದ ನಾಸಿರಿಯಾ ಊರಿನಲ್ಲಿ ಜೋರು ಕಾಳಗ. ಅಲ್ಲಿನ ಇರಾಕಿ ಸೇನಾ ಕಚೇರಿಯೊಂದನ್ನು ಹೊಕ್ಕ ಅಮೆರಿಕದ ಸೈನಿಕರಿಗೆ ಗೋಡೆ ಮೇಲೊಂದು ಬಣ್ಣದ ಚಿತ್ರ ಕಂಡಿತು. ಎತ್ತರದ ಕಟ್ಟಡಗಳು, ಅವಕ್ಕೆ ಬಂದು ಗುದ್ದುತ್ತಿರುವ ವಿಮಾನ. ನೋಡಿದವರಿಗೆ ನ್ಯೂಯಾರ್ಕಿನ ಅವಳಿ ಗೋಪುರ ಬಿಟ್ಟು ಬೇರೆ ಏನೂ ನೆನಪಾಗುವಂತಿರಲಿಲ್ಲ. ಜೊತೆಗಿದ್ದ ಪತ್ರಿಕಾ ಛಾಯಾಗ್ರಾಹಕ ಫೋಟೋ ತೆಗೆದ. ಫೋಟೋ ಇಮೇಲ್‌ನಿಂದ ಇಮೇಲ್‌ಗೆ ಹಾರುತ್ತಾ ಅಮೆರಿಕದ ತುಂಬಾ ಓಡಾಡಿತು. 'ನೋಡಿ, ಸದ್ದಾಂಗೂ 2001ರ ಸೆಪ್ಟೆಂಬರ್ 11ರ ದಾಳಿಗೂ ನಂಟಿತ್ತು ಅನ್ನೋದಕ್ಕೆ ಇನ್ನೇನು ಬೇಕು?' ಅನ್ನುವುದು ಅದನ್ನು ಹಂಚಿದ ಎಷ್ಟೋ ಜನರ ಮಾತು.

ಆ ಹೊತ್ತಿನಲ್ಲಿ ಈ ಮಾತು ಯಾರಿಗೂ ವಿಚಿತ್ರ ಅನಿಸಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸಮೀಕ್ಷೆ ಮಾಡಿಸಿದಾಗ, ದಾಳಿಯಲ್ಲಿ ಸದ್ದಾಂ ಹುಸೇನ್ ಕೈವಾಡ ಇದ್ದಿರಬಹುದು ಎಂದವರು ಶೇ. 69ರಷ್ಟು ಅಮೆರಿಕನ್ನರು. ವಿಮಾನ ಅಪಹರಿಸಿದ 19 ಮಂದಿಯಲ್ಲಿ 15 ಜನ ಸೌದಿ ಅರೇಬಿಯಾದವರು, ಇಬ್ಬರು ಯುಎಇಯವರು, ಒಬ್ಬ ಈಜಿಪ್ಟಿನವನು, ಒಬ್ಬ ಲೆಬನಾನಿನವನು. ಇರಾಕಿನವರು ಒಬ್ಬರೂ ಇಲ್ಲ. ಆದರೂ ಜನ ನಂಬಿದ್ದರು. ನಂಬಿಕೆ ಗಟ್ಟಿಯಾಗಿರುವಾಗ ಒಂದು ಚಿತ್ರ ಸಿಕ್ಕಿಬಿಟ್ಟರೆ ಮುಗಿಯಿತು, ಅಲ್ವಾ?

ಹಾಗಾದರೆ ಒಬ್ಬ ಸರ್ವಾಧಿಕಾರಿ ಬರೆಸಿದ, ಕೆತ್ತಿಸಿದ, ಕಟ್ಟಿಸಿದ ವಸ್ತುಗಳನ್ನು ನೋಡಿ ಅವನಿಗೂ ಭಯೋತ್ಪಾದನೆಗೂ ಇರುವ ನಂಟನ್ನು ಪತ್ತೆ ಮಾಡಬಹುದೇ? ಪತ್ತೆ ಆಗುವುದು ಒಂದಿದೆ: ನೋಡುವವರು ಏನು ನಂಬಬೇಕು ಅಂತ ಅವನಿಗೆ ಆಸೆ ಇತ್ತು ಅನ್ನುವುದು. ಅವನು ಏನು ಮಾಡಿದ ಅನ್ನುವುದು ಗೋಡೆಯಿಂದ ಗೊತ್ತಾಗುವುದು ಬಹಳ ಅಪರೂಪ.

ಮೊದಲು ಕೇಳಬೇಕಾದ್ದು ತಾರೀಖು

ಯಾವ ಚಿತ್ರವನ್ನೇ ಸಾಕ್ಷಿ ಎಂದು ಮುಂದಿಟ್ಟರೂ ಮೊದಲ ಪ್ರಶ್ನೆ ಒಂದೇ. ಇದನ್ನು ಬರೆದದ್ದು ಯಾವಾಗ? ಘಟನೆಗೆ ಮೊದಲೋ, ಆಮೇಲೋ?

ನಾಸಿರಿಯಾದ ಚಿತ್ರ ಯುದ್ಧಕಾಲದಲ್ಲಿ ಸಿಕ್ಕಿದ್ದು, ಅಂದರೆ ದಾಳಿಯಾಗಿ ಒಂದೂವರೆ ವರ್ಷದ ಮೇಲೆ. ಗೋಪುರಕ್ಕೆ ವಿಮಾನ ಗುದ್ದುವ ದೃಶ್ಯವನ್ನು ಅಷ್ಟರಲ್ಲಿ ಜಗತ್ತಿನ ಪ್ರತಿ ಟೀವಿಯೂ ಸಾವಿರ ಸಲ ತೋರಿಸಿತ್ತು. ಅದನ್ನು ಗೋಡೆ ಮೇಲೆ ಬರೆಯಲು ಬಿನ್ ಲಾಡೆನ್ ಪರಿಚಯ ಬೇಕಿಲ್ಲ. ಒಂದು ಡಬ್ಬಿ ಬಣ್ಣ, ಒಂದು ಬ್ರಷ್, ಮೇಲಿನವರು ಬೈಯುವುದಿಲ್ಲ ಎಂಬ ಧೈರ್ಯ, ಇಷ್ಟು ಸಾಕು.

'ಘಟನೆಗೆ ಮೊದಲೇ ಬರೆದಿದ್ದರೆ ಸಾಕ್ಷಿ ಆಗುತ್ತಿತ್ತು, ಅಲ್ವಾ?' ಅಂತ ನೀವು ಕೇಳಬಹುದು. ಅದೂ ಅಷ್ಟು ಸುಲಭ ಅಲ್ಲ. 2001ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನ ಒಂದು ಹಿಪ್‌ಹಾಪ್ ತಂಡ ತನ್ನ ಹೊಸ ಆಲ್ಬಂಗೆ ಮುಖಪುಟ ತಯಾರಿಸಿತ್ತು. ಅದರಲ್ಲಿ ಇದೇ ಅವಳಿ ಗೋಪುರ ಸ್ಫೋಟಗೊಂಡು ಉರಿಯುತ್ತಿವೆ, ಮುಂದೆ ತಂಡದವರು ನಿಂತಿದ್ದಾರೆ, ಒಬ್ಬನ ಕೈಯಲ್ಲಿ ಸ್ಫೋಟದ ರಿಮೋಟ್ ಥರ ಕಾಣುವ ಗಿಟಾರ್ ಟ್ಯೂನರ್ ಇದೆ. ಬಂಡವಾಳಶಾಹಿಯನ್ನು ಉಡಾಯಿಸುತ್ತೇವೆ ಅನ್ನುವುದು ಅವರ ಅರ್ಥ. ಕೆಲವೇ ತಿಂಗಳಲ್ಲಿ ನಿಜವಾದ ದಾಳಿ ಆಯಿತು. ಗಾಬರಿಯಾಗಿ ಆ ಮುಖಪುಟವನ್ನೇ ಕೈಬಿಟ್ಟರು. ತಂಡಕ್ಕೂ ದಾಳಿಗೂ ಕೂದಲೆಳೆಯ ಸಂಬಂಧವೂ ಇರಲಿಲ್ಲ. ಗೋಪುರಗಳು ಅಮೆರಿಕದ ದುಡ್ಡಿನ ಗುರುತಾಗಿ ಎಲ್ಲರ ತಲೆಯಲ್ಲೂ ಇದ್ದವು. 1993ರಲ್ಲಿ ಒಮ್ಮೆ ಬಾಂಬ್ ದಾಳಿಗೂ ಗುರಿಯಾಗಿದ್ದವು. ಕಾಕತಾಳೀಯಕ್ಕೆ ಇಷ್ಟು ಸಾಕು.

ಇದೇ ಆಲ್ಬಂ ಓಕ್ಲೆಂಡ್ ಬದಲು ಬಾಗ್ದಾದಿನಲ್ಲಿ ಸಿಕ್ಕಿದ್ದರೆ ಏನಾಗುತ್ತಿತ್ತು? ಅದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಇದಕ್ಕಿಂತ ಕುತೂಹಲದ್ದು. ನಾಸಿರಿಯಾದ್ದೇ ಒಂದು ಸರ್ಕಾರಿ ಹಿಡಿತದ ವಾರಪತ್ರಿಕೆ 2001ರ ಜುಲೈನಲ್ಲಿ ಬಿನ್ ಲಾಡೆನ್‌ನನ್ನು ಹೊಗಳಿ ಒಂದು ಲೇಖನ ಹಾಕಿತ್ತು. ಅಮೆರಿಕಕ್ಕೆ ಅವನು ಈಗಾಗಲೇ ನೋಯುತ್ತಿರುವ ಜಾಗದಲ್ಲೇ ಹೊಡೆಯುತ್ತಾನೆ ಎಂಬ ಅರ್ಥದ ಮಾತು ಅದರಲ್ಲಿತ್ತು. ನ್ಯೂಯಾರ್ಕ್ ಮೇಲೆ ಹಾಡಿ ಹೆಸರಾದ ಫ್ರಾಂಕ್ ಸಿನಾತ್ರಾನ ಹೆಸರೂ ಬಂದಿತ್ತು. ದಾಳಿ ಆದಮೇಲೆ ಓದಿದರೆ ಮೈ ಜುಂ ಅನ್ನುತ್ತದೆ, ನಿಜ. ಆದರೆ ಬಿನ್ ಲಾಡೆನ್ ಅಮೆರಿಕದ ಮೇಲೆ ದೊಡ್ಡ ದಾಳಿಗೆ ಹೊಂಚು ಹಾಕಿದ್ದಾನೆ ಅನ್ನುವುದು ಆ ಬೇಸಿಗೆಯಲ್ಲಿ ಅರಬ್ ಪತ್ರಿಕೆ ಓದುವವರಿಗೆಲ್ಲ ಗೊತ್ತಿದ್ದ ಮಾತು. ಅವನೇ ಅದನ್ನು ಸಾರುತ್ತಿದ್ದ. ಮುಂದೆ ದಾಳಿಯಲ್ಲಿ ಸತ್ತವರ ಕುಟುಂಬಗಳು ಇರಾಕ್ ಮೇಲೆ ಹೂಡಿದ ದಾವೆಗಳಲ್ಲಿ ಈ ಲೇಖನವನ್ನೂ ಎತ್ತಿ ಹಿಡಿಯಲಾಯಿತು.

2003ರ ಮೇ ತಿಂಗಳಲ್ಲಿ ಇಂಥದ್ದೇ ಒಂದು ದಾವೆಯಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರೊಬ್ಬರು, ಇರಾಕ್ ಅಲ್ ಖೈದಾಗೆ ನೆರವು ಕೊಟ್ಟಿತ್ತು ಎಂದು ಸಾಬೀತಾಗಿದೆ, ಆದರೆ ಸಾಬೀತಾದದ್ದು ತೀರಾ ಅಂಚಿನಲ್ಲಿ ಮಾತ್ರ ಎಂದು ಬರೆದು ಎರಡು ಕುಟುಂಬಗಳಿಗೆ ಸುಮಾರು 10 ಕೋಟಿ ಡಾಲರ್ ಪರಿಹಾರ ಕೊಡಿಸಿದರು. ಆ ಮೊಕದ್ದಮೆಯಲ್ಲಿ ಇರಾಕಿನ ಪರ ವಾದಿಸಲು ಯಾರೂ ಬಂದೇ ಇರಲಿಲ್ಲ. ಎದುರುಗಡೆ ಯಾರೂ ಇಲ್ಲದ ಕೋರ್ಟಿನಲ್ಲಿ ತೆಳ್ಳಗಿನ ಸಾಕ್ಷಿಯೂ ನಿಂತುಬಿಡುತ್ತದೆ.

ಗೆಲ್ಲದ ಯುದ್ಧಕ್ಕೆ ವಿಜಯದ ಕಮಾನು

ಸದ್ದಾಂ ಕಾಲದ ಇರಾಕಿನಲ್ಲಿ ಚಿತ್ರ ಅಂದರೆ ಸುಮ್ನೆ ಅಲಂಕಾರ ಅಲ್ಲ. ಶಾಲೆ, ಆಸ್ಪತ್ರೆ, ಪೊಲೀಸ್ ಠಾಣೆ, ಊರ ಬಾಗಿಲು, ಎಲ್ಲಿ ನೋಡಿದರೂ ಅವನೇ. ಒಂದು ಕಡೆ ಸೈನಿಕ, ಇನ್ನೊಂದು ಕಡೆ ರೈತ, ಮತ್ತೊಂದು ಕಡೆ ನ್ಯಾಯಾಧೀಶ. ತಿಕ್ರಿತ್‌ನಲ್ಲಿ ಹುಟ್ಟಿದ ಮಧ್ಯಯುಗದ ವೀರ ಸುಲ್ತಾನ ಸಲಾದಿನ್ ಜೊತೆ ಒಮ್ಮೆ, ಪುರಾತನ ಬ್ಯಾಬಿಲಾನಿನ ದೊರೆ ನೆಬುಕಡ್ನೆಜರ್ ಜೊತೆ ಇನ್ನೊಮ್ಮೆ. ಬ್ಯಾಬಿಲಾನನ್ನು ಮತ್ತೆ ಕಟ್ಟಿಸಿದಾಗ ಹಳೇ ದೊರೆಯಂತೆ ತಾನೂ ಇಟ್ಟಿಗೆಗಳ ಮೇಲೆ ಹೆಸರು ಒತ್ತಿಸಿದ.

ಇವುಗಳಲ್ಲಿ ಹತ್ತಿರದಿಂದ ನೋಡಬೇಕಾದ್ದು ಬಾಗ್ದಾದಿನ ವಿಜಯ ಕಮಾನು. ಪಥಸಂಚಲನ ನಡೆಯುವ ದಾರಿಯ ಎರಡೂ ತುದಿಗೆ ಒಂದೊಂದು. ನೆಲ ಸೀಳಿಕೊಂಡು ಎರಡು ದೈತ್ಯ ಮುಂಗೈಗಳು ಮೇಲೆದ್ದಿವೆ. ಒಂದೊಂದು ಮುಷ್ಟಿಯಲ್ಲೂ ಒಂದು ಕತ್ತಿ. ಸುಮಾರು 40 ಮೀಟರ್ ಎತ್ತರದಲ್ಲಿ ಕತ್ತಿಗಳು ಒಂದಕ್ಕೊಂದು ಅಡ್ಡ ಹಾಯುತ್ತವೆ. ಕೈಗಳ ಅಚ್ಚು ತೆಗೆದದ್ದು ಸದ್ದಾಂನದೇ ಕೈಯಿಂದ. ಬುಡದಲ್ಲಿ ಬಲೆಗಳು, ಬಲೆಯೊಳಗೆ ಸಾವಿರಾರು ಹೆಲ್ಮೆಟ್‌ಗಳು. ಇರಾನಿನ ಸತ್ತ ಸೈನಿಕರ ತಲೆಯಿಂದ ತಂದ ನಿಜವಾದ ಹೆಲ್ಮೆಟ್‌ಗಳು. ಕೆಲವಕ್ಕೆ ಗುಂಡು ತೂರಿದ ತೂತುಗಳೂ ಇದ್ದವು. ಶಿಲ್ಪಿ ಖಾಲಿದ್ ಅಲ್ ರಹಾಲ್ ಕೆಲಸ ಶುರು ಮಾಡಿ ನಡುವೆ ತೀರಿಕೊಂಡರು, ಮೊಹಮ್ಮದ್ ಘನಿ ಹಿಕ್ಮತ್ ಮುಗಿಸಿದರು. ಉದ್ಘಾಟನೆ 1989ರ ಆಗಸ್ಟ್‌ನಲ್ಲಿ.

ಈಗ ತಾರೀಖು ನೋಡಿ. ಕಮಾನು ಕಟ್ಟುತ್ತೇನೆ ಎಂದು ಸದ್ದಾಂ ಹೇಳಿದ್ದು 1985ರಲ್ಲಿ. ಇರಾನ್ ಜೊತೆಗಿನ ಯುದ್ಧ ನಿಂತದ್ದು 1988ರಲ್ಲಿ. ಅಂದರೆ ವಿಜಯದ ಗುರುತು ತಯಾರಾಗುವಾಗ ವಿಜಯ ಇನ್ನೂ ಕಣ್ಣಿಗೂ ಕಂಡಿರಲಿಲ್ಲ! ಕೊನೆಗೂ ಬರಲಿಲ್ಲ. ಎಂಟು ವರ್ಷ ಬಡಿದಾಡಿ, ಲಕ್ಷಾಂತರ ಜನ ಸತ್ತು, ಗಡಿ ಹೆಚ್ಚುಕಮ್ಮಿ ಇದ್ದಲ್ಲೇ ಉಳಿಯಿತು. ಕಮಾನನ್ನೇ ಸಾಕ್ಷಿ ಎಂದು ನಂಬಿ ಯಾರಾದರೂ ಇತಿಹಾಸ ಬರೆದರೆ 'ಇರಾಕ್ ಗೆದ್ದಿತು' ಎಂದೇ ಬರೆಯಬೇಕು.

1991ರ ಸೋಲಿನ ನಂತರವೂ ಇದೇ ಕಥೆ. ಕುವೈತ್‌ನಿಂದ ಹೊಡೆಸಿಕೊಂಡು ಓಡಿಬಂದ ಯುದ್ಧದ ನೆನಪಿಗೆ ಸದ್ದಾಂ ಬಾಗ್ದಾದಿನಲ್ಲಿ ದೊಡ್ಡ ಮಸೀದಿ ಕಟ್ಟಿಸಿದ. ಹೆಸರು ಉಮ್ಮ್ ಅಲ್ ಮಆರಿಕ್, ಅಂದರೆ 'ಎಲ್ಲ ಯುದ್ಧಗಳ ತಾಯಿ'. ಹೊರಗಿನ ನಾಲ್ಕು ಮಿನಾರುಗಳು ಕಲಾಶ್ನಿಕೋವ್ ಬಂದೂಕಿನ ನಳಿಕೆಯ ಥರ, ಒಳಗಿನ ನಾಲ್ಕು ಸ್ಕಡ್ ಕ್ಷಿಪಣಿಯ ಥರ. ಹೊರಗಿನವು 43 ಮೀಟರ್ ಎತ್ತರ, ಏಕೆಂದರೆ ಅಮೆರಿಕ 43 ದಿನ ಬಾಂಬ್ ಹಾಕಿತ್ತು. ಒಳಗಿನವು 37 ಮೀಟರ್, ಸಂಖ್ಯೆ ನಾಲ್ಕು, ಕಾರಂಜಿಯ ಚಿಲುಮೆಗಳು 28. ಸೇರಿಸಿದರೆ 28-4-37, ಸದ್ದಾಂ ಹುಟ್ಟಿದ ದಿನ. ಕಟ್ಟಡ ಪೂರ್ತಿ ಒಗಟು. ಉತ್ತರ ಮಾತ್ರ ಯಾವಾಗಲೂ ಒಂದೇ: ನಾನು.

ಇಂಥ ನಾಡಿನಲ್ಲಿ ಸೇನಾ ಕಚೇರಿಯ ಗೋಡೆ ಮೇಲೆ ಯಾರೋ ಒಬ್ಬ ವಿಮಾನ ಬರೆದ. ನಮಗೆ ತಿಳಿಯುವುದೇನು? ಒಂದು ಮುಖ್ಯ ವಿಷಯ ತಿಳಿಯುತ್ತದೆ. ಅಲ್ಲಿ ಅಧ್ಯಕ್ಷರನ್ನು ಅವಮಾನಿಸಿದರೆ ಮರಣದಂಡನೆಯವರೆಗೂ ಹೋಗಬಹುದು ಎಂದು 1986ರಲ್ಲೇ ಕಾನೂನು ಆಗಿತ್ತು. ಅಂಥ ಕಡೆ ಮೇಲಿನವರಿಗೆ ಇಷ್ಟವಾಗದ್ದನ್ನು ಕಚೇರಿ ಗೋಡೆ ಮೇಲೆ ಬರೆಯುವ ಎದೆ ಯಾರಿಗಿದ್ದೀತು? ಹಾಗಾಗಿ ಚಿತ್ರಕ್ಕೆ ಒಪ್ಪಿಗೆಯ ವಾತಾವರಣವಂತೂ ಇತ್ತು. ಅದು ಗುಟ್ಟೂ ಆಗಿರಲಿಲ್ಲ. ದಾಳಿಯ ಮಾರನೇ ದಿನವೇ ಸದ್ದಾಂ, ಅಮೆರಿಕದ ಆಳುವವರು ಜಗತ್ತಿನಲ್ಲಿ ಬಿತ್ತಿದ ಮುಳ್ಳನ್ನೇ ಈಗ ಅಮೆರಿಕ ಕೊಯ್ಯುತ್ತಿದೆ ಎಂದಿದ್ದ. ಅರಬ್ ಸರ್ಕಾರಗಳೆಲ್ಲ ಒಂದಾದ ಮೇಲೊಂದರಂತೆ ದಾಳಿಯನ್ನು ಖಂಡಿಸುವಾಗ ಇರಾಕ್ ಖಂಡಿಸಲಿಲ್ಲ.

ಆದರೆ ಖುಷಿಪಡುವುದು ಒಂದು, ಮಾಡುವುದು ಇನ್ನೊಂದು. ಆಗದವನ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಪಟಾಕಿ ಹೊಡೆದವನೇ ಬೆಂಕಿ ಇಟ್ಟವನು ಎಂದು ಯಾವ ಪೊಲೀಸರೂ ಎಫ್‌ಐಆರ್ ಹಾಕುವುದಿಲ್ಲ. ಅನುಮಾನ ಪಡಬಹುದು, ಕರೆಸಿ ಕೇಳಬಹುದು, ಅಷ್ಟೇ.

ಆ ಗೋಡೆಯ ಮುಂದೆ ದಿನಾ ಓಡಾಡುತ್ತಿದ್ದವರು ಯಾರು ಅನ್ನುವುದನ್ನೂ ಯೋಚಿಸಿ. ಎರಡು ಯುದ್ಧ ಕಂಡು, 1990ರಿಂದ ಆರ್ಥಿಕ ದಿಗ್ಬಂಧನದಲ್ಲಿ ನರಳಿ, ಆಕಾಶದಲ್ಲಿ ಅಮೆರಿಕದ ವಿಮಾನಗಳ ಕಾವಲಿನಲ್ಲೇ ಬದುಕಿದ್ದ ಇರಾಕಿ ಸೈನಿಕರು. ಅವರಿಗೆ 'ಅಮೆರಿಕಕ್ಕೂ ಪೆಟ್ಟು ಬೀಳುತ್ತೆ' ಎಂದು ಧೈರ್ಯ ಹೇಳುವ ಚಿತ್ರ ಅದು. ಪೆಟ್ಟು ಕೊಟ್ಟವರು ಯಾರು ಅನ್ನುವುದು ಆ ಚಿತ್ರಕ್ಕೆ ಬೇಕೇ ಇರಲಿಲ್ಲ.

ಒಂದು ತಮಾಷೆ ಹೇಳಿ ಮುಂದೆ ಹೋಗೋಣ. 2003ರ ಏಪ್ರಿಲ್‌ನಲ್ಲಿ ಬಾಗ್ದಾದಿನಲ್ಲಿ ಸದ್ದಾಂ ಬಳಸುತ್ತಿದ್ದನೆನ್ನಲಾದ ಒಂದು ಗುಟ್ಟಿನ ಮನೆಯೊಳಗೂ ಚಿತ್ರಗಳು ಸಿಕ್ಕವು. ಅರೆನಗ್ನ ಹೆಣ್ಣು, ಡ್ರ್ಯಾಗನ್, ಕಟ್ಟುಮಸ್ತಾದ ವೀರ, ಈ ಥರದವು. ಬರೆದವರು ಅಮೆರಿಕದವರೇ ಆದ ರೊವೀನಾ ಮೊರಿಲ್ ಎಂಬ ಕಲಾವಿದೆ. ಅಗ್ಗದ ಕಾದಂಬರಿಗಳಿಗೆ ಮುಖಪುಟ ಬರೆದು ಹೆಸರಾದವರು. ಗೋಡೆ ಮೇಲಿನ ಚಿತ್ರವೇ ನಂಟಿಗೆ ಸಾಕ್ಷಿ ಅಂತಾದರೆ ಇದಕ್ಕೆ ಏನು ಹೇಳೋಣ? ಆ ಚಿತ್ರಗಳು ಸದ್ದಾಂನ ಕೈ ಹೇಗೆ ಸೇರಿದವೋ ಎಂದು ಆಕೆಗೇ ಅಚ್ಚರಿಯಾಗಿತ್ತು.

ಮುಷ್ಟಿಯಲ್ಲಿ ಸಿಕ್ಕ ವಿಮಾನ

ಲಿಬಿಯಾದ ಗಡಾಫಿಯ ಕಥೆ ಈ ವಿಷಯಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಏಕೆಂದರೆ ಅಲ್ಲಿ ಭಯೋತ್ಪಾದನೆಯ ನಂಟು ನಿಜವಾಗಿಯೂ ಇತ್ತು.

ಟ್ರಿಪೊಲಿಯಲ್ಲಿ ಗಡಾಫಿಯ ಕೋಟೆಯಂಥ ನಿವಾಸ ಬಾಬ್ ಅಲ್ ಅಜೀಜಿಯಾ. ಅದರ ಅಂಗಳದಲ್ಲಿ ಒಂದು ಬಂಗಾರ ಬಣ್ಣದ ಶಿಲ್ಪ ಇತ್ತು. ನೆಲದಿಂದ ಮೇಲೆದ್ದ ಒಂದು ಮುಷ್ಟಿ ಅಮೆರಿಕದ ವಿಮಾನವೊಂದನ್ನು ಹಿಡಿದು ಹಿಂಡುತ್ತಿದೆ. ಹಿಂದೆ ಬಾಂಬಿಗೆ ಒಡೆದ ಮನೆಯನ್ನು ಹಾಗೇ ಉಳಿಸಿಕೊಳ್ಳಲಾಗಿತ್ತು. ವಿದೇಶಿ ಅತಿಥಿಗಳು ಬಂದರೆ ಅದರ ಮುಂದೆ ಭಾಷಣ, ಫೋಟೋ.

ಈಗ ಲಿಬಿಯಾ ಮೇಲಿದ್ದ ಅತಿ ದೊಡ್ಡ ಆರೋಪ ಏನು? 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಅಮೆರಿಕದ ಪ್ಯಾನ್ ಆಮ್ ಕಂಪನಿಯ ವಿಮಾನವನ್ನು ಬಾಂಬಿಟ್ಟು ಉರುಳಿಸಿದ್ದು. ವಿಮಾನದಲ್ಲಿದ್ದ 259 ಮಂದಿ, ನೆಲದ ಮೇಲಿದ್ದ 11 ಮಂದಿ, ಒಟ್ಟು 270 ಸಾವು. ಮುಷ್ಟಿ, ಅಮೆರಿಕದ ವಿಮಾನ, ಸರ್ವಾಧಿಕಾರಿಯ ಅಂಗಳ. ಏನೂ ಗೊತ್ತಿಲ್ಲದವನು ನೋಡಿದರೆ 'ಅಯ್ಯೋ, ತಪ್ಪೊಪ್ಪಿಗೆಯನ್ನೇ ಕೆತ್ತಿಸಿ ನಿಲ್ಲಿಸಿದ್ದಾನಲ್ಲ' ಅನ್ನುತ್ತಾನೆ.

ಆ ಶಿಲ್ಪಕ್ಕೂ ಲಾಕರ್ಬಿಗೂ ಸಂಬಂಧ ಇಲ್ಲ. ಅದು 1986ರ ಏಪ್ರಿಲ್ 15ರ ರಾತ್ರಿ ಅಮೆರಿಕ ಲಿಬಿಯಾ ಮೇಲೆ ಮಾಡಿದ ವೈಮಾನಿಕ ದಾಳಿಯ ನೆನಪಿನದು. ಮುಷ್ಟಿಯಲ್ಲಿರುವುದು ಯುದ್ಧವಿಮಾನ. ಇಲ್ಲಿ ಗಡಾಫಿ ತನ್ನನ್ನು ಹೊಡೆಸಿಕೊಂಡವನ ಹಾಗೆ, ಹೊಡೆತ ತಡೆದುಕೊಂಡು ಎದ್ದವನ ಹಾಗೆ ತೋರಿಸಿಕೊಂಡಿದ್ದಾನೆ. ಜಗತ್ತು ತನ್ನನ್ನು ಹಾಗೇ ನೋಡಬೇಕು ಅನ್ನುವುದು ಅವನ ಆಸೆ.

ಹಾಗಾದರೆ ಲಾಕರ್ಬಿಯ ಜಾಡು ಲಿಬಿಯಾಕ್ಕೆ ಹೋದದ್ದು ಹೇಗೆ? ಮೈಲುಗಟ್ಟಲೆ ಹರಡಿದ್ದ ಅವಶೇಷಗಳನ್ನು ಪೊಲೀಸರು ಹೊಲಗದ್ದೆ, ಕಾಡು ಎಲ್ಲಾ ಕಡೆ ಒಂದೊಂದಾಗಿ ಹೆಕ್ಕಿದರು. ಸುಟ್ಟ ಬಟ್ಟೆಗಳನ್ನು ಹಿಡಿದು ಹೊರಟವರು ಮಾಲ್ಟಾ ದ್ವೀಪದ ಒಂದು ಬಟ್ಟೆ ಅಂಗಡಿ ತಲುಪಿದರು. ಸುಟ್ಟ ಅಂಗಿಯೊಂದರ ಕಾಲರ್‌ನೊಳಗೆ ಉಗುರಿನಷ್ಟು ದೊಡ್ಡ ಸರ್ಕ್ಯೂಟ್ ಬೋರ್ಡ್ ಚೂರು ಸಿಕ್ಕಿತ್ತು. ಅದು ಸ್ವಿಟ್ಜರ್ಲೆಂಡಿನ ಕಂಪನಿಯೊಂದು ಲಿಬಿಯಾಕ್ಕೆ ಮಾರಿದ್ದ ಟೈಮರ್‌ನದು ಎಂದು ತನಿಖೆ ಹೇಳಿತು. ಆ ಚೂರಿನ ಬಗ್ಗೆ, ಅಂಗಡಿಯವರ ಹೇಳಿಕೆ ಬಗ್ಗೆ ಇವತ್ತಿಗೂ ತಕರಾರು ಇದೆ, ಇರಲಿ. 2001ರಲ್ಲಿ ಲಿಬಿಯಾದ ಗುಪ್ತಚರ ಅಧಿಕಾರಿಯೊಬ್ಬನಿಗೆ ಶಿಕ್ಷೆ ಆಯಿತು. 2003ರಲ್ಲಿ ಲಿಬಿಯಾ ಸರ್ಕಾರ ತನ್ನ ಅಧಿಕಾರಿಗಳ ಕೃತ್ಯಕ್ಕೆ ಹೊಣೆ ಹೊತ್ತು, 270 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತು. ಉಗುರಿನಷ್ಟು ಚೂರು ಹೇಳಿದ್ದನ್ನು ಆಳೆತ್ತರ ಮೀರಿದ ಶಿಲ್ಪ ಎಂದೂ ಹೇಳಿರಲಿಲ್ಲ.

1986ರ ಆ ವೈಮಾನಿಕ ದಾಳಿಗೆ ಕಾರಣವಾದ ಬರ್ಲಿನ್ ಡಿಸ್ಕೋ ಬಾಂಬ್ ಪ್ರಕರಣವೂ ಹಾಗೇ. ಅಲ್ಲಿ ಸಾಕ್ಷಿ ಸಿಕ್ಕಿದ್ದು ಟ್ರಿಪೊಲಿಗೂ ಪೂರ್ವ ಬರ್ಲಿನ್‌ನ ಲಿಬಿಯಾ ರಾಯಭಾರ ಕಚೇರಿಗೂ ನಡುವೆ ಓಡಾಡಿದ ಸಂದೇಶಗಳಲ್ಲಿ, ಆಮೇಲೆ ಪೂರ್ವ ಜರ್ಮನಿಯ ಗುಪ್ತ ಪೊಲೀಸರ ಕಡತಗಳಲ್ಲಿ. ಮುಷ್ಟಿಯ ಶಿಲ್ಪವನ್ನು 2011ರಲ್ಲಿ ಬಂಡುಕೋರರು ಕಿತ್ತು ಮಿಸ್ರಾತಾ ಊರಿಗೆ ಒಯ್ದರು.

ಇರಾನಿನದು ಇನ್ನೊಂದು ಬಗೆ. 1981ರ ಅಕ್ಟೋಬರ್‌ನಲ್ಲಿ ಈಜಿಪ್ಟ್ ಅಧ್ಯಕ್ಷ ಅನ್ವರ್ ಸಾದತ್‌ನನ್ನು ಗುಂಡಿಟ್ಟು ಕೊಂದ ಖಾಲಿದ್ ಇಸ್ಲಾಂಬುಲಿ ಹೆಸರನ್ನು ಟೆಹರಾನಿನ ಒಂದು ರಸ್ತೆಗೆ ಇಟ್ಟರು, ಅವನ ಚಿತ್ರವಿದ್ದ ಅಂಚೆ ಚೀಟಿಯನ್ನೂ ತಂದರು. ಕೊಂದವರು ಈಜಿಪ್ಟಿನವರೇ ಆದ ಉಗ್ರರು, ಈಜಿಪ್ಟಿನ ಸೇನೆಯೊಳಗೇ ಇದ್ದವರು. ಇರಾನ್ ಮಾಡಿದ್ದು ಆದಮೇಲಿನ ಮೆರವಣಿಗೆ.

ಚಿತ್ರ ನಿಜ ಹೇಳಿದ ಸಂದರ್ಭ

ಇಷ್ಟು ಓದಿ 'ಹಾಗಾದರೆ ಪ್ರಚಾರ ಚಿತ್ರಗಳಿಂದ ಏನೂ ಸಿಗುವುದಿಲ್ಲ' ಅಂದುಕೊಳ್ಳಬೇಡಿ. ಸಿಕ್ಕಿದ್ದೂ ಇದೆ.

ಸದ್ದಾಂಗೆ ಭಯೋತ್ಪಾದನೆಯ ನಂಟು ಇರಲಿಲ್ಲ ಎಂದಲ್ಲ. ಚೆನ್ನಾಗಿಯೇ ಇತ್ತು. ಅಲ್ ಖೈದಾ ಜೊತೆಗಲ್ಲ, ಬೇರೆಯವರ ಜೊತೆಗೆ. ಹಲವು ದೇಶಗಳಲ್ಲಿ ರಕ್ತ ಹರಿಸಿದ ಅಬು ನಿದಾಲ್ 2002ರಲ್ಲಿ ಸತ್ತದ್ದು ಬಾಗ್ದಾದಿನಲ್ಲಿ. 1985ರಲ್ಲಿ ಅಕಿಲೆ ಲೌರೊ ಹಡಗನ್ನು ಅಪಹರಿಸಿದವರ ನಾಯಕ ಅಬು ಅಬ್ಬಾಸ್ 2003ರಲ್ಲಿ ಅಮೆರಿಕನ್ನರ ಕೈಗೆ ಸಿಕ್ಕಿದ್ದೂ ಅಲ್ಲೇ. ಇಸ್ರೇಲಿನಲ್ಲಿ ಆತ್ಮಾಹುತಿ ದಾಳಿ ಮಾಡಿದ ಪ್ಯಾಲೆಸ್ತೀನಿಯರ ಕುಟುಂಬಕ್ಕೆ ಸದ್ದಾಂ ಮೊದಲು 10,000 ಡಾಲರ್ ಕೊಡುತ್ತಿದ್ದ, 2002ರಲ್ಲಿ ಅದನ್ನು 25,000ಕ್ಕೆ ಏರಿಸಿದ.

ಈ ದುಡ್ಡು ಕದ್ದುಮುಚ್ಚಿ ಹೋಗುತ್ತಿರಲಿಲ್ಲ. ಗಾಜಾ, ವೆಸ್ಟ್ ಬ್ಯಾಂಕ್‌ನಲ್ಲಿ ಸಭೆ ಕರೆದು, ಸದ್ದಾಂನ ಚಿತ್ರ ಕಟ್ಟಿ, ಭಾಷಣ ಮಾಡಿ, ಹೆಸರು ಕೂಗಿ ಚೆಕ್ ಕೊಡುತ್ತಿದ್ದರು. ಪತ್ರಕರ್ತರಿಗೂ ಕರೆ ಇರುತ್ತಿತ್ತು. ಇಲ್ಲಿ ಪ್ರಚಾರವೇ ಪುರಾವೆ. ಏಕೆಂದರೆ ಈ ಕೆಲಸದ ಹೆಸರು ತನಗೇ ಬರಲಿ ಎಂಬ ಆಸೆ ಅವನಿಗಿತ್ತು. ಅವನು ಬಚ್ಚಿಡಬೇಕೆಂದಿದ್ದ ಕೆಲಸಗಳಿಗೆ ಇಂಥ ಬ್ಯಾನರ್ ಎಲ್ಲೂ ಕಟ್ಟಿರಲಿಲ್ಲ.

ಅವು ಸಿಕ್ಕಿದ್ದು ಕಾಗದದಲ್ಲಿ. ಯುದ್ಧದ ನಂತರ ಅಮೆರಿಕದ ರಕ್ಷಣಾ ಇಲಾಖೆಗಾಗಿ ತಜ್ಞರ ತಂಡವೊಂದು ಇರಾಕಿನಲ್ಲಿ ವಶಪಡಿಸಿಕೊಂಡ 6 ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ಜಾಲಾಡಿತು. ವರದಿ 2008ರಲ್ಲಿ ಹೊರಬಂತು. ಸದ್ದಾಂ ಸರ್ಕಾರಕ್ಕೂ ಅಲ್ ಖೈದಾಗೂ ನೇರ ನಂಟು ತೋರಿಸುವ ಖಚಿತ ಪುರಾವೆ ಸಿಗಲಿಲ್ಲ. ಬೇರೆ ಉಗ್ರ ಗುಂಪುಗಳಿಗೆ ಕೊಟ್ಟ ನೆರವಿನ ಲೆಕ್ಕ ಬೇಕಾದಷ್ಟು ಸಿಕ್ಕಿತು. ಅದರಲ್ಲೊಂದು 2002ರ ಪತ್ರ. ಯಾವ ಯಾವ ದೇಶದ ಇರಾಕಿ ರಾಯಭಾರ ಕಚೇರಿಯಲ್ಲಿ ಏನೇನು ಆಯುಧ ಇದೆ ಎಂದು ಗುಪ್ತಚರ ಇಲಾಖೆ ಕೊಟ್ಟ ಪಟ್ಟಿ. ದಿನಸಿ ಚೀಟಿಯ ಹಾಗೆ ಒಣ ಬರಹ. ಗ್ರೀಸ್‌ನಲ್ಲಿ ಸ್ಫೋಟಕ, ಆಸ್ಟ್ರಿಯಾದಲ್ಲಿ ಸೈಲೆನ್ಸರ್ ಇರುವ ಬಂದೂಕು, ಪಾಕಿಸ್ತಾನದಲ್ಲಿ ಟಿಎನ್‌ಟಿ. ಭಾರತದ ಸಾಲೂ ಇದೆ: ಪ್ಲಾಸ್ಟಿಕ್ ಸ್ಫೋಟಕ, ಮತ್ತು ತೆರೆದರೆ ಸಿಡಿಯುವ ಸೂಟ್‌ಕೇಸುಗಳು. ದೆಹಲಿಯ ಒಂದು ಕಚೇರಿಯಲ್ಲಿ ಇಂಥ ಸೂಟ್‌ಕೇಸ್ ಇತ್ತೆಂದರೆ ಯಾರಿಗೆ ಎದೆ ಧಸಕ್ಕೆನ್ನುವುದಿಲ್ಲ! ಸೂಟ್‌ಕೇಸಿನ ಚಿತ್ರವನ್ನು ಮಾತ್ರ ಇರಾಕಿನ ಯಾವ ಗೋಡೆಯ ಮೇಲೂ ಯಾರೂ ಬರೆದಿರಲಿಲ್ಲ.

ಅದಕ್ಕೆ ಮೊದಲೇ, 2004ರಲ್ಲಿ, ಸೆಪ್ಟೆಂಬರ್ 11ರ ದಾಳಿಯ ತನಿಖೆ ನಡೆಸಿದ ಆಯೋಗವೂ ಹೆಚ್ಚುಕಮ್ಮಿ ಇದನ್ನೇ ಹೇಳಿತ್ತು. ಬಿನ್ ಲಾಡೆನ್ ಸುಡಾನಿನಲ್ಲಿದ್ದಾಗ ಇರಾಕಿನ ಅಧಿಕಾರಿಯೊಬ್ಬ ಅವನನ್ನು ಭೇಟಿಯಾಗಿದ್ದ. ತರಬೇತಿಗೆ ಜಾಗ ಕೊಡಿ, ಆಯುಧ ಕೊಡಿಸಿ ಎಂದು ಬಿನ್ ಲಾಡೆನ್ ಕೇಳಿದ್ದ. ಇರಾಕ್ ಕಿವಿಗೊಟ್ಟ ಹಾಗೆ ಕಾಣುವುದಿಲ್ಲ. ಇಬ್ಬರೂ ಸೇರಿ ಕೆಲಸ ಮಾಡಿದ್ದಕ್ಕೆ ಪುರಾವೆ ಇಲ್ಲ.

ಚಿತ್ರವೊಂದು ಕೋರ್ಟಿನಲ್ಲಿ ನಿಜವಾಗಿ ತೂಕದ ಸಾಕ್ಷಿಯಾದದ್ದು ರುವಾಂಡಾ ವಿಷಯದಲ್ಲಿ. ಅಲ್ಲಿನ ಕಂಗೂರಾ ಪತ್ರಿಕೆ 1993ರ ಕೊನೆಯ ಹೊತ್ತಿಗೆ ಒಂದು ಮುಖಪುಟ ಹಾಕಿತ್ತು. ದೇಶದ ಹಳೆಯ ಅಧ್ಯಕ್ಷನ ಚಿತ್ರ, ಪಕ್ಕದಲ್ಲಿ ಒಂದು ಮಚ್ಚು, ಜಿರಳೆಗಳನ್ನು ಒಂದೇ ಸಲಕ್ಕೆ ಮುಗಿಸಲು ಯಾವ ಆಯುಧ ಬಳಸೋಣ ಎಂಬ ಪ್ರಶ್ನೆ. ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನರನ್ನು ಜಿರಳೆ ಎಂದೇ ಕರೆಯುತ್ತಿದ್ದರು. ಕೆಲವೇ ತಿಂಗಳಲ್ಲಿ ನರಮೇಧ ನಡೆಯಿತು. ಬಹಳ ಜನ ಸತ್ತದ್ದು ಮಚ್ಚಿನಿಂದಲೇ. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ಪತ್ರಿಕೆಯ ಸಂಪಾದಕನಿಗೆ ಶಿಕ್ಷೆ ಕೊಟ್ಟಿತು. ಇಲ್ಲಿ ಚಿತ್ರ ಬಂದದ್ದು ಕೊಲೆಗೆ ಮೊದಲು. ಅದನ್ನು ನೋಡುವವರೇ ಕೊಲ್ಲಬೇಕಾದವರು. ಅಚ್ಚು ಹಾಕಿದವನ ಹೆಸರು ಪತ್ರಿಕೆಯ ಮೇಲೇ ಇತ್ತು. ಈ ಮೂರರಲ್ಲಿ ಒಂದೂ ನಾಸಿರಿಯಾದ ಗೋಡೆಗೆ ಹೊಂದುವುದಿಲ್ಲ.

ಇನ್ನೊಂದು ಕಡೆಯ ಚಿತ್ರಗಳು

ಇದುವರೆಗೆ ಸರ್ವಾಧಿಕಾರಿಗಳ ಚಿತ್ರ ನೋಡಿದೆವು. ಇರಾಕ್ ಯುದ್ಧಕ್ಕೆ ಜಗತ್ತನ್ನು ಒಪ್ಪಿಸಲು ತೋರಿಸಿದ ಚಿತ್ರಗಳನ್ನು ನೋಡದೆ ಈ ಮಾತು ಮುಗಿಯುವುದಿಲ್ಲ. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಜಾಸ್ತಿ ಹಾನಿ ಮಾಡಿದ ಪ್ರಚಾರ ಚಿತ್ರ ನಾಸಿರಿಯಾದ್ದಲ್ಲವೇ ಅಲ್ಲ.

2003ರ ಫೆಬ್ರುವರಿ 5. ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಮಾತಾಡಿದರು. ಮಂಡಳಿಯ ಬಾಗಿಲಲ್ಲಿ, ಪತ್ರಕರ್ತರ ಮುಂದೆ ನಾಯಕರು ನಿಂತು ಮಾತಾಡುವ ಜಾಗದ ಹಿಂದೆ, ಪಿಕಾಸೊನ ಗೆರ್ನಿಕಾ ಚಿತ್ರವನ್ನು ನೇಯ್ದ ದೊಡ್ಡ ಪರದೆಯೊಂದು 1985ರಿಂದ ತೂಗುತ್ತಿತ್ತು. ಬಾಂಬಿಗೆ ಸಿಕ್ಕ ಊರು, ಸತ್ತ ಮಗುವನ್ನು ಎತ್ತಿಕೊಂಡು ಚೀರುವ ತಾಯಿ. ಆ ದಿನಗಳಲ್ಲಿ ಅದನ್ನು ನೀಲಿ ಬಟ್ಟೆಯಿಂದ ಮುಚ್ಚಿದರು. ಟೀವಿ ಕ್ಯಾಮೆರಾಗೆ ಹಿಂಬದಿ ಸಪಾಟಾಗಿ ಕಾಣಲಿ ಅಂತ ಎಂದು ಅಧಿಕಾರಿಗಳು ಸಮಜಾಯಿಷಿ ಕೊಟ್ಟರು.

ಒಳಗೆ ಪವೆಲ್ ಎರಡು ಮುಖ್ಯ ಮಾತು ಹೇಳಿದರು. ಒಂದು, ಅಲ್ ಖೈದಾದವರಿಗೆ ಇರಾಕ್ ರಾಸಾಯನಿಕ ಮತ್ತು ಜೈವಿಕ ಅಸ್ತ್ರದ ತರಬೇತಿ ಕೊಟ್ಟಿದೆ ಎಂದು ಸೆರೆಸಿಕ್ಕ ಉಗ್ರನೊಬ್ಬ ಬಾಯಿಬಿಟ್ಟಿದ್ದಾನೆ ಎಂದು. ಅವನ ಹೆಸರು ಇಬ್ನ್ ಅಲ್ ಶೇಖ್ ಅಲ್ ಲಿಬಿ. ಅವನನ್ನು ಈಜಿಪ್ಟಿಗೆ ಕಳಿಸಿ ಅಲ್ಲಿ ವಿಚಾರಣೆ ಮಾಡಿಸಲಾಗಿತ್ತು. ಅವನ ಮಾತು ನಂಬುವಂತಿಲ್ಲ ಎಂದು ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆ ಭಾಷಣಕ್ಕೆ ಒಂದು ವರ್ಷ ಮೊದಲೇ ಬರೆದಿಟ್ಟಿತ್ತು. 2004ರಲ್ಲಿ ಅವನೂ ಹೇಳಿಕೆ ವಾಪಸ್ ತೆಗೆದುಕೊಂಡ. ಹಿಂಸೆ ತಡೆಯಲಾರದೆ ಅವರಿಗೆ ಬೇಕಾದ್ದನ್ನು ಹೇಳಿದೆ ಎಂದ.

ಎರಡನೆಯದು ಚಿತ್ರ. ಇರಾಕ್ ಲಾರಿಗಳ ಮೇಲೆ, ರೈಲುಬೋಗಿಗಳಲ್ಲಿ ರೋಗಾಣು ಅಸ್ತ್ರ ತಯಾರಿಸುವ ಓಡಾಡುವ ಕಾರ್ಖಾನೆ ಇಟ್ಟುಕೊಂಡಿದೆ ಎಂದು ಪವೆಲ್ ಹೇಳಿದರು. ದೊಡ್ಡ ಪರದೆ ಮೇಲೆ ಆ ಲಾರಿಗಳು ಮೂಡಿದವು. ಒಳಗಿನ ತೊಟ್ಟಿ, ಕೊಳವೆ, ಪಂಪು ಎಲ್ಲಾ ನೀಟಾಗಿ, ಬಣ್ಣಬಣ್ಣದಲ್ಲಿ. ಫೋಟೋ ಅಲ್ಲ. ಅಮೆರಿಕದ ಬಳಿ ಫೋಟೋ ಇರಲೇ ಇಲ್ಲ. ಒಬ್ಬ ಇರಾಕಿ ನಿರಾಶ್ರಿತ ಜರ್ಮನಿಯ ಗುಪ್ತಚರರಿಗೆ ಹೇಳಿದ್ದ ಕಥೆಯನ್ನು ಕೇಳಿ ಕಂಪ್ಯೂಟರಿನಲ್ಲಿ ಬರೆಸಿದ ಚಿತ್ರಗಳು ಅವು. ಗುಪ್ತಚರರು ಆ ನಿರಾಶ್ರಿತನಿಗೆ ಇಟ್ಟಿದ್ದ ಅಡ್ಡಹೆಸರು 'ಕರ್ವ್‌ಬಾಲ್'.

ಸದ್ದಾಂ ತಾನೂ ಈ ಗೊಂದಲಕ್ಕೆ ಗೊಬ್ಬರ ಹಾಕಿದ್ದ. ಸೆರೆಯಲ್ಲಿ 2004ರಲ್ಲಿ ಎಫ್‌ಬಿಐ ಅಧಿಕಾರಿ ಕೇಳಿದಾಗ, ಇರಾನ್ ತನ್ನನ್ನು ದುರ್ಬಲ ಅಂದುಕೊಳ್ಳಬಾರದು ಎಂಬ ಭಯಕ್ಕೆ ಅಸ್ತ್ರಗಳ ವಿಷಯದಲ್ಲಿ ಜಗತ್ತನ್ನು ಅನುಮಾನದಲ್ಲೇ ಇಟ್ಟೆ ಎಂಬಂತೆ ಹೇಳಿದ. ಬಿನ್ ಲಾಡೆನ್ ಜೊತೆ ಕೈಜೋಡಿಸಿದ್ದನ್ನು ಅಲ್ಲಗಳೆದ. ಕಮಾನು ಕಟ್ಟಿಸಿದವನ ಬುದ್ಧಿಯೇ ಇದು. ಇಲ್ಲದ ಗೆಲುವನ್ನು ತೋರಿಸಿದ ಹಾಗೆ ಇಲ್ಲದ ಅಸ್ತ್ರವನ್ನೂ ಇದೆ ಅನ್ನಿಸಲು ಹೋದ. ಈ ಸಲ ನೋಡುತ್ತಿದ್ದವರು ನಂಬಿಬಿಟ್ಟರು.

ಆ ಲಾರಿ ಕಥೆ ಪೂರ್ತಿ ಸುಳ್ಳು, ಸದ್ದಾಂನನ್ನು ಇಳಿಸಲು ಕಟ್ಟಿದ್ದು ಎಂದು ಕರ್ವ್‌ಬಾಲ್ 2011ರಲ್ಲಿ ಪತ್ರಿಕೆಯೊಂದಕ್ಕೆ ಒಪ್ಪಿಕೊಂಡ. 2003ರಲ್ಲಿ ಇರಾಕಿನಲ್ಲಿ ಪವೆಲ್ ಚಿತ್ರಗಳನ್ನೇ ಹೋಲುವ ಎರಡು ಟ್ರೇಲರ್‌ಗಳು ಸಿಕ್ಕಿದ್ದವು. 'ಸಿಕ್ಕೇಬಿಟ್ಟವು' ಎಂದು ಅಮೆರಿಕದಲ್ಲಿ ಸಂಭ್ರಮವೂ ಆಯಿತು. ಅಸ್ತ್ರಗಳನ್ನು ಹುಡುಕಲು ಅಮೆರಿಕವೇ ನೇಮಿಸಿದ್ದ ತಂಡ ಅವನ್ನು ಬಿಚ್ಚಿ ನೋಡಿ 2004ರಲ್ಲಿ ವರದಿ ಕೊಟ್ಟಿತು. ಹವಾಮಾನ ನೋಡಲು ಹಾರಿಬಿಡುವ ಬಲೂನುಗಳಿಗೆ ಹೈಡ್ರೋಜನ್ ತುಂಬಿಸುವ ಗಾಡಿಗಳು ಅವು.